ವಾರ ವಾರ ತಪ್ಪದೆ ಬರುತ್ತಾರೆ, ಆದರೂ ಒಂಟಿ: ಏಕೆ? ಏನು ಮಾಡಬಹುದು?

ಹೊಸ್ತಿಲು

ಧರ್ಮ ಯಾವುದೇ ಆಗಲಿ, ಸಾಮೂಹಿಕ ಪ್ರಾರ್ಥನೆ ನಡೆಯುವ ಕಡೆಯೆಲ್ಲ ಇಂಥ ಕೆಲವರು ಇರುತ್ತಾರೆ. ಹೊತ್ತಿಗೆ ಸರಿಯಾಗಿ ಬರುತ್ತಾರೆ, ಹಿಂದಿನ ಸಾಲಿನಲ್ಲಿ ಕೂರುತ್ತಾರೆ, ಮುಗಿದ ಕೂಡಲೇ ಎದ್ದು ಹೊರಟುಬಿಡುತ್ತಾರೆ. ಮೂರು ವರ್ಷ ಬಂದರೂ ಅವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ನಂಬಿಕೆ ಗಟ್ಟಿ, ಹಾಜರಿ ಪಕ್ಕಾ, ಒಂಟಿತನ ಮಾತ್ರ ಇದ್ದ ಹಾಗೇ ಇದೆ.

"ದೇವರಲ್ಲಿ ಮನಸ್ಸಿಟ್ಟರೆ ಒಂಟಿತನ ತಾನಾಗಿ ಹೋಗುತ್ತದೆ" ಎನ್ನುವವರಿದ್ದಾರೆ. "ಜನರ ಜೊತೆ ಬೆರೆತರೆ ಸಾಕು, ದೇವರ ಹಂಗೇಕೆ" ಎನ್ನುವವರೂ ಇದ್ದಾರೆ. ಎರಡೂ ಮಾತು ಈ ಹಿಂದಿನ ಸಾಲಿನವರಿಗೆ ಉಪಯೋಗಕ್ಕೆ ಬರುತ್ತಿಲ್ಲ. ಈ ವಿಷಯ ಓದಿಕೊಂಡವರು, ಗುಂಪು ನಡೆಸಿ ಬಲ್ಲವರು ಇಲ್ಲಿದ್ದೀರಿ. ಏನು ಮಾಡಿದರೆ ಫಲ ಸಿಗುತ್ತದೆ, ಎಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ, ಅಷ್ಟು ಹೇಳಿ. ಸ್ವಂತ ಕಥೆ ಬೇಡ, ಉಪದೇಶವೂ ಬೇಡ.

ಎಣಿಕೆ

ನಿಮ್ಮ ಪ್ರಶ್ನೆಗೆ ತೀರಾ ಹತ್ತಿರದ ಅಧ್ಯಯನ 2010ರದು. ಚೇಯೂನ್ ಲಿಮ್ ಮತ್ತು ರಾಬರ್ಟ್ ಪಟ್ನಮ್ ಅಮೆರಿಕದ ಸಮೀಕ್ಷೆಗಳನ್ನು ಇಟ್ಟುಕೊಂಡು, ಪ್ರಾರ್ಥನಾ ಸಭೆಗೆ ಹೋಗುವವರು ಬದುಕಿನ ಬಗ್ಗೆ ಹೆಚ್ಚು ತೃಪ್ತರಾಗಿರುವುದು ಯಾತರಿಂದ ಎಂದು ಬಿಡಿಸಿ ನೋಡಿದರು. ಮನೆಯಲ್ಲಿ ಒಬ್ಬರೇ ಎಷ್ಟು ಪ್ರಾರ್ಥಿಸುತ್ತಾರೆ, ದೇವರ ಸಾನ್ನಿಧ್ಯ ಎಷ್ಟು ಅನುಭವಿಸುತ್ತಾರೆ ಎಂಬುದಕ್ಕಿಂತ ಬೇರೆ ಒಂದು ಸಂಗತಿ ಲೆಕ್ಕಕ್ಕೆ ಬಂತು: ಆ ಸಭೆಯೊಳಗೆ ಆಪ್ತ ಗೆಳೆಯರು ಇದ್ದಾರೆಯೇ? ಇದ್ದವರಿಗೆ ಲಾಭ ಕಂಡಿತು. ಅಲ್ಲಿ ಗೆಳೆಯರೇ ಇಲ್ಲದವರು ಎಷ್ಟೇ ಸಲ ಹೋದರೂ, ಹೋಗದವರಿಗಿಂತ ಹೆಚ್ಚು ತೃಪ್ತರಾಗಿರಲಿಲ್ಲ. ಹಿಂದಿನ ಸಾಲಿನವರು ಇವರೇ.

ಇದರ ಹಿಂದಿನ ತತ್ತ್ವವನ್ನು 1995ರಲ್ಲಿ ರಾಯ್ ಬಾಮೈಸ್ಟರ್ ಮತ್ತು ಮಾರ್ಕ್ ಲಿಯರಿ ಹೇಳಿದ್ದರು. ಮನುಷ್ಯನ ಸಂಗದ ಹಸಿವು ತೀರಲು ಎರಡು ಷರತ್ತು ಒಟ್ಟಿಗೆ ಕೂಡಿಬರಬೇಕು. ಒಂದು, ಹಿತವಾದ ಭೇಟಿ ಪದೇ ಪದೇ ಆಗಬೇಕು. ಇನ್ನೊಂದು, ಆ ಭೇಟಿಗಳು ಪರಸ್ಪರ ಕಾಳಜಿ ಇರುವ, ನಾಳೆಯೂ ಉಳಿಯುವ ಸಂಬಂಧದೊಳಗೆ ಆಗಬೇಕು. ವಾರ ವಾರ ಅಪರಿಚಿತರ ಪಕ್ಕ ಕೂರುವವರಿಗೆ ಎರಡನೆಯದು ಇಲ್ಲ. ದೂರದಲ್ಲಿರುವ ಮಗನನ್ನು ವರ್ಷಕ್ಕೊಮ್ಮೆ ನೋಡುವ ತಾಯಿಗೆ ಮೊದಲನೆಯದು ಇಲ್ಲ. ಎರಡೂ ಒಂಟಿತನವೇ, ಮದ್ದು ಮಾತ್ರ ಬೇರೆ ಬೇರೆ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. "ಧಾರ್ಮಿಕರು ಹೆಚ್ಚು ಆರೋಗ್ಯವಂತರು" ಎಂಬ ಅಂಕಿ ಕಂಡಾಗ ಕಾರಣ ಯಾವುದು, ಫಲ ಯಾವುದು ಎಂದು ಕೇಳಿಕೊಳ್ಳಿ. ಹಾಸಿಗೆ ಹಿಡಿದವರು, ತೀವ್ರ ಖಿನ್ನತೆ ಇರುವವರು ಸಭೆಗೆ ಬರಲಾರರು. ಬಂದವರನ್ನಷ್ಟೇ ಎಣಿಸಿದರೆ ಸಭೆಯಿಂದಲೇ ಆರೋಗ್ಯ ಬಂತು ಎಂಬಂತೆ ಕಾಣುತ್ತದೆ.

ಪದಪ್ರೇಮಿ

ಈ ವಿಷಯಕ್ಕೆ ಕನ್ನಡದಲ್ಲಿ ಸೊಗಸಾದ ಒಂದು ಪದವಿದೆ, "ಬೇಕಾದವರು". "ಅವರು ನಮಗೆ ತುಂಬಾ ಬೇಕಾದವರು" ಎಂದರೆ ಹತ್ತಿರದವರು, ನಮ್ಮವರು. ನಂಟಸ್ತಿಕೆಯನ್ನು ಬೇಕು ಎನ್ನುವ ಕ್ರಿಯೆಯಿಂದ ಕಟ್ಟಿದ ಪದ ಇದು. ಸೇರುವುದು ಬೇರೆ, ಹೊಂದಿಕೊಳ್ಳುವುದು ಬೇರೆ, ಬೇಕಾದವರಾಗುವುದು ಬೇರೆ. ಸೇರಲು ಹೆಸರು ಬರೆಸಿದರೆ ಆಯಿತು. ಹೊಂದಿಕೊಳ್ಳಲು ನಾವೇ ನಮ್ಮ ಅಂಚು ಕತ್ತರಿಸಿಕೊಂಡರೆ ಆಯಿತು. ಬೇಕಾದವರಾಗುವುದು ಮಾತ್ರ ನಮ್ಮ ಒಬ್ಬರ ಕೈಯಲ್ಲಿಲ್ಲ, ಎದುರಿನವರೂ ನಮ್ಮನ್ನು ಬೇಕು ಅನ್ನಬೇಕು. ಒಬ್ಬರೇ ಕೂತು ಹಟ ಹಿಡಿದರೆ ಒಂಟಿತನ ಕರಗದಿರುವುದು ಇದಕ್ಕೇ ಎಂದು ನನ್ನ ಅನಿಸಿಕೆ.

ವೃತ್ತಗೋಷ್ಠಿ

ಪದಪ್ರೇಮಿ ಅವರ ಮಾತನ್ನೇ ಹಿಡಿದು ಮುಂದುವರಿಸುತ್ತೇನೆ. ಮೊದಲು ಸ್ವಲ್ಪ ಲೆಕ್ಕ.

ಪರಿಚಿತರು ಗೆಳೆಯರಾಗಲು ಎಷ್ಟು ಹೊತ್ತು ಬೇಕು ಎಂದು ಅಮೆರಿಕದ ಜೆಫ್ರಿ ಹಾಲ್ ಅಧ್ಯಯನ ಮಾಡಿದ್ದಾರೆ. ಸುಮಾರು 50 ಗಂಟೆ ಒಟ್ಟಿಗೆ ಕಳೆದರೆ ಮೇಲುಮೇಲಿನ ಗೆಳೆತನ, 90 ಗಂಟೆಗೆ ಗೆಳೆತನ, 200 ಗಂಟೆ ದಾಟಿದ ಮೇಲೆ ಆಪ್ತತೆ. ಈಗ ಹಿಂದಿನ ಸಾಲಿನವರನ್ನು ನೋಡಿ. ಒಂದೂವರೆ ಗಂಟೆಯ ಪ್ರಾರ್ಥನೆಯಲ್ಲಿ ಎಲ್ಲರ ಮುಖವೂ ಮುಂದಕ್ಕೆ, ಮಾತಿಗೆ ಎಡೆಯಿಲ್ಲ. ಮುಗಿದ ಮೇಲೆ ಒಬ್ಬರೊಂದಿಗೆ 10 ನಿಮಿಷ ಮಾತಾಡಿದರು ಎಂದೇ ಇಟ್ಟುಕೊಳ್ಳಿ. 50 ಗಂಟೆ ಎಂದರೆ 3,000 ನಿಮಿಷ. ವಾರಕ್ಕೆ 10 ನಿಮಿಷದಂತೆ 300 ವಾರ ಬೇಕು. ಹೆಚ್ಚುಕಡಿಮೆ ಆರು ವರ್ಷ! ಅದೂ ಪ್ರತಿ ವಾರ ಅದೇ ವ್ಯಕ್ತಿ ಸಿಕ್ಕರೆ. "ಬರುತ್ತಿರಿ, ನಿಧಾನಕ್ಕೆ ಎಲ್ಲ ಪರಿಚಯವಾಗುತ್ತಾರೆ" ಎಂಬ ಸಮಾಧಾನದ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಆದ್ದರಿಂದ ಸಭೆಗೆ ಅಂಟಿಕೊಂಡಂತೆ ಚಿಕ್ಕ ಗುಂಪು ಇರಲೇಬೇಕು. ಗುಂಪು ನಡೆಸುವವರು ಸಾಮಾನ್ಯವಾಗಿ ಪಾಲಿಸುವ ಕ್ರಮ ಹೀಗಿದೆ.

ಎಂಟರಿಂದ ಹನ್ನೆರಡು ಮಂದಿ. ಆರಕ್ಕಿಂತ ಕಡಿಮೆಯಾದರೆ ಇಬ್ಬರು ಬಾರದ ದಿನ ಉಳಿದವರು ಪೆಚ್ಚಾಗುತ್ತಾರೆ. ಹನ್ನೆರಡು ದಾಟಿದರೆ ನಾಲ್ವರು ಮಾತಾಡುತ್ತಾರೆ, ಮಿಕ್ಕವರು ಕೇಳುತ್ತಾರೆ. ಮತ್ತೆ ಅದೇ ಹಿಂದಿನ ಸಾಲು ಹುಟ್ಟುತ್ತದೆ. ಕುರ್ಚಿಗಳನ್ನು ವೃತ್ತದಲ್ಲಿ ಇಡಿ, ನಡುವೆ ಮೇಜು ಬೇಡ. ಖಾಲಿ ಕುರ್ಚಿಗಳನ್ನು ತೆಗೆದಿಡಿ. ಖಾಲಿ ಕುರ್ಚಿ ಪಕ್ಕ ಇದ್ದವರು ತಾವು ಅಂಚಿನವರು ಎಂದುಕೊಳ್ಳುತ್ತಾರೆ.

ಒಂದೂವರೆ ಗಂಟೆ ಸಾಕು. ಮೊದಲ 20 ನಿಮಿಷ ಎಲ್ಲರೂ ಸರದಿಯಂತೆ ತಲಾ ಒಂದೂವರೆ–ಎರಡು ನಿಮಿಷ ಮಾತಾಡುವುದು, ಯಾರೂ ನಡುವೆ ಬಾಯಿ ಹಾಕುವಂತಿಲ್ಲ, "ಇವತ್ತು ಬೇಡ" ಎಂದು ಸರದಿ ದಾಟಿಸಲು ಎಲ್ಲರಿಗೂ ಹಕ್ಕಿದೆ. ನಂತರ 50 ನಿಮಿಷ ಪಠಣ, ಧ್ಯಾನ, ಚರ್ಚೆ, ನಿಮ್ಮ ಪದ್ಧತಿ ಏನಿದೆಯೋ ಅದು. ಕೊನೆಯ 20 ನಿಮಿಷಕ್ಕೆ ಯಾವ ಕಾರ್ಯಕ್ರಮವನ್ನೂ ಇಡಬೇಡಿ. ಹೊಸಬರು ಅನುಭವಿಸುವ ನಿಜವಾದ ಸಭೆ ಆ 20 ನಿಮಿಷವೇ. ಪ್ರವಚನ ಉದ್ದವಾದಾಗ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ದಯವಿಟ್ಟು ಪ್ರವಚನವನ್ನು ಕತ್ತರಿಸಿ.

ಮೊದಲಿಗೆ ಆರು ವಾರಕ್ಕೆ ಮಾತ್ರ ಒಪ್ಪಿಗೆ ಕೇಳಿ. "ಇನ್ನು ಮುಂದೆ ಪ್ರತಿ ವಾರ ಬನ್ನಿ" ಎಂದರೆ ಸಂಕೋಚದವರು ಹಿಂದೆ ಸರಿಯುತ್ತಾರೆ, ಮುಗಿಯುವ ದಿನ ಗೊತ್ತಿದ್ದರೆ ಒಪ್ಪುತ್ತಾರೆ. ಆರನೇ ವಾರ ಮುಂದುವರಿಸಬೇಕೇ ಎಂದು ಎಲ್ಲರನ್ನೂ ಮತ್ತೆ ಕೇಳಿ. ಬಿಡುವವರು ಮುಜುಗರವಿಲ್ಲದೆ ಬಿಡುವುದಕ್ಕೆ ಇದೇ ದಾರಿ.

ಹೊಸಬರಿಗೆ ಮೂರನೇ ಭೇಟಿಯೊಳಗೆ ಒಂದು ಕೆಲಸ ಕೊಡಿ. ಕುರ್ಚಿ ಹಾಕುವುದು, ಪುಸ್ತಕ ಹಂಚುವುದು, ದೀಪ ಹಚ್ಚುವುದು, ಬೀಗದ ಕೈ ಇಟ್ಟುಕೊಳ್ಳುವುದು. ಎರಡು ನಿಯಮ: ಕೆಲಸ ನಿಜವಾಗಿಯೂ ಬೇಕಾಗಿದ್ದಾಗಿರಬೇಕು, ಮತ್ತು ಇನ್ನೊಬ್ಬರ ಜೊತೆಗೂಡಿ ಮಾಡುವಂಥದ್ದಾಗಿರಬೇಕು. ಇಬ್ಬರು ಸೇರಿ 40 ಕುರ್ಚಿ ಮಡಚಿಡುವ ಕಾಲು ಗಂಟೆಯಲ್ಲಿ ಆಗುವ ಮಾತು ಎದುರುಬದುರು ಕೂತು "ನಿಮ್ಮ ಬಗ್ಗೆ ಹೇಳಿ" ಎಂದಾಗ ಆಗುವುದಿಲ್ಲ. ಕೈಗೆ ಕೆಲಸವಿದ್ದಾಗ ಕಣ್ಣಿಗೆ ಕಣ್ಣು ಕೊಡಬೇಕಿಲ್ಲ, ಮೌನವೂ ಭಾರವಾಗುವುದಿಲ್ಲ.

ಇನ್ನು ಗೈರುಹಾಜರಿ. ಒಂದು ವಾರ ಬಾರದಿದ್ದರೆ ಸುಮ್ಮನಿರಿ. ಎರಡನೇ ವಾರವೂ ಬಾರದಿದ್ದರೆ ಎರಡು ದಿನದೊಳಗೆ ಗುಂಪಿನ ಒಬ್ಬರು ಫೋನ್ ಮಾಡಲಿ. ಮುಖ್ಯಸ್ಥರು ಬೇಡ, ಪಕ್ಕ ಕೂರುವವರು ಮಾಡಲಿ. "ಯಾಕೆ ಬರಲಿಲ್ಲ?" ಎಂದರೆ ವಿಚಾರಣೆ. "ನೀವಿಲ್ಲದೆ ಆ ಜಾಗ ಖಾಲಿ ಕಂಡಿತು, ಹೇಗಿದ್ದೀರಿ?" ಎಂದರೆ ವಿಚಾರಿಸಿಕೊಳ್ಳುವುದು. ನಾವು ಬಾರದೆ ಹೋದದ್ದು ಯಾರಿಗಾದರೂ ಗೊತ್ತಾಯಿತೇ ಎಂಬುದೇ ಒಂಟಿಯಾದವರು ಮನಸ್ಸಿನಲ್ಲಿ ಕೇಳಿಕೊಳ್ಳುವ ಪ್ರಶ್ನೆ.

ಕೆಡುವುದು ಎಲ್ಲಿ? ಸ್ವಾಗತಿಸಲು ಬಾಗಿಲಲ್ಲಿ ನಿಂತವರು ತಮ್ಮ ತಮ್ಮಲ್ಲೇ ಮಾತಿಗೆ ಇಳಿಯುತ್ತಾರೆ, ಇದು ಅತಿ ಸಾಮಾನ್ಯ. ಇಬ್ಬರನ್ನು ಜೋಡಿಯಾಗಿ ನಿಲ್ಲಿಸುವ ಬದಲು ಒಬ್ಬರನ್ನು ಬಾಗಿಲಲ್ಲಿ, ಇನ್ನೊಬ್ಬರನ್ನು ಕುರ್ಚಿಗಳ ನಡುವೆ ನಿಲ್ಲಿಸಿ. ಬಾಗಿಲಲ್ಲಿರುವವರು ಹೊಸಬರ ಹೆಸರು ಕೇಳಿಕೊಂಡು ಒಳಗಿರುವವರಿಗೆ ಒಪ್ಪಿಸಲಿ, ಒಳಗಿರುವವರು ಇನ್ನಿಬ್ಬರಿಗೆ ಪರಿಚಯಿಸಲಿ. ಮುಂದಿನ ವಾರ ಮೂವರು ಹೆಸರು ಹಿಡಿದು ಕರೆಯುತ್ತಾರೆ. ಮೊದಲ ಭೇಟಿಯಲ್ಲೇ ದೇಣಿಗೆಯ ಲಕೋಟೆ ಹಿಡಿಸುವುದು ಇನ್ನೊಂದು ತಪ್ಪು. ಹೊಸಬರನ್ನು ಎಲ್ಲರೆದುರು ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟಿಸುವುದು ಇನ್ನೂ ದೊಡ್ಡದು. ಸಂಕೋಚದವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ಗುಂಪಿನಲ್ಲಿ ಹೇಳಿಕೊಂಡ ಕಷ್ಟ "ಇವರಿಗಾಗಿ ಪ್ರಾರ್ಥಿಸೋಣ" ಎಂಬ ನೆಪದಲ್ಲಿ ಊರೆಲ್ಲ ಹರಡಿದರೆ ಅಲ್ಲಿಗೆ ಆ ಗುಂಪು ಸತ್ತಂತೆ. ಯಾವುದನ್ನು ಹೊರಗೆ ಹೇಳಬಹುದು ಎಂದು ಹೇಳಿಕೊಂಡವರನ್ನೇ ಕೇಳಬೇಕು. ಆತ್ಮಹತ್ಯೆಯ ಮಾತು, ಮಗುವಿಗೆ ಅಪಾಯದ ಸೂಚನೆ ಇವೆರಡನ್ನು ಮಾತ್ರ ಗುಟ್ಟಾಗಿ ಇಡುವುದಿಲ್ಲ, ತಕ್ಷಣ ನೆರವು ಕರೆಯುತ್ತೇವೆ ಎಂದು ಮೊದಲ ದಿನವೇ ಸ್ಪಷ್ಟವಾಗಿ ಹೇಳಿಬಿಡಿ.

ನೆಲಗಟ್ಟು

ವೃತ್ತಗೋಷ್ಠಿ ಅವರೇ, ಒಂದು ಸೇರಿಸಲೇ? ಗುಂಪಿಗೆ ಎರಡು ವರ್ಷವಾದ ಮೇಲೆ ಅದು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಒಳಗಿನವರಿಗೆ ಸ್ವರ್ಗ, ಹೊಸಬರಿಗೆ ಗೋಡೆ. ಅಂಥ ಗುಂಪಿಗೆ ಹೊಸಬರನ್ನು ಒಬ್ಬೊಬ್ಬರನ್ನಾಗಿ ಸೇರಿಸಬೇಡಿ. ಹೊಸಬರದೇ ಒಂದು ಗುಂಪು ಮಾಡಿ, ಹಳೆಯ ಇಬ್ಬರನ್ನು ಅಲ್ಲಿಗೆ ಕಳಿಸಿ.

ಕಾವಿನೆರಳು

ನೀವು ಹೇಳುತ್ತಿರುವ ಬಹಳಷ್ಟನ್ನು ಹಳೆಯ ಧಾರ್ಮಿಕ ಸಂಸ್ಥೆಗಳು ನಿಯಮವಾಗಿಯೇ ಕಟ್ಟಿಟ್ಟಿವೆ. ನಾವು ಅವನ್ನು ಬರೀ ಆಚರಣೆ ಎಂದು ನೋಡಿ ಮುಂದೆ ಹೋಗುತ್ತೇವೆ.

ಯಹೂದಿಗಳ ಸಾಮೂಹಿಕ ಪ್ರಾರ್ಥನೆಯ ಕೆಲವು ಭಾಗಗಳಿಗೆ ಹತ್ತು ವಯಸ್ಕರ ಕೋರಂ ಬೇಕು. ಸಾಂಪ್ರದಾಯಿಕ ಪಂಗಡಗಳಲ್ಲಿ ಗಂಡಸರನ್ನು ಮಾತ್ರ ಎಣಿಸುತ್ತಾರೆ, ಬೇರೆ ಕೆಲವು ಪಂಗಡಗಳಲ್ಲಿ ಹೆಂಗಸರನ್ನೂ ಎಣಿಸುತ್ತಾರೆ. ತಂದೆ ತಾಯಿ ತೀರಿಕೊಂಡವರು 11 ತಿಂಗಳು ಹೇಳಬೇಕಾದ ಕದ್ದಿಶ್ ಎಂಬ ಪ್ರಾರ್ಥನೆಗೂ ಈ ಹತ್ತು ಮಂದಿ ಬೇಕು. ಅದರ ಫಲ ಗಮನಿಸಿ. ದುಃಖದಲ್ಲಿರುವವರು ಬಾಗಿಲು ಹಾಕಿಕೊಂಡು ಒಬ್ಬರೇ ಕೂರುವಂತಿಲ್ಲ, ಹತ್ತು ಜನರ ನಡುವೆ ಬಂದು ನಿಲ್ಲಬೇಕು. ಒಂಬತ್ತು ಮಂದಿ ಸೇರಿದ ದಿನ ಹತ್ತನೆಯವರು ಯಾರೇ ಆಗಿರಲಿ, ಎಷ್ಟೇ ಮಾತು ಬಾರದವರಾಗಿರಲಿ, ಅವರಿಲ್ಲದೆ ಪ್ರಾರ್ಥನೆ ನಡೆಯದು. ಪದಪ್ರೇಮಿ ಅವರು ಹೇಳಿದ "ಬೇಕಾದವರು" ಎಂಬ ಪದ ಅಕ್ಷರಶಃ ನಿಜವಾಗುವುದು ಇಲ್ಲಿ.

ಬೌದ್ಧ ಸಂಘದಲ್ಲಿ ಮಳೆಗಾಲಕ್ಕೆ ಒಂದೇ ಕಡೆ ತಂಗುವ ಮೂರು ತಿಂಗಳ ವರ್ಷಾವಾಸ ಮುಗಿದಾಗ ಪವಾರಣ ಎಂಬ ವಿಧಿಯಿದೆ. ಪ್ರತಿಯೊಬ್ಬ ಭಿಕ್ಷುವೂ ಉಳಿದವರಿಗೆ, ನನ್ನಲ್ಲಿ ಕಂಡ, ಕೇಳಿದ ಅಥವಾ ಅನುಮಾನಿಸಿದ ದೋಷವಿದ್ದರೆ ಕರುಣೆಯಿಂದ ಹೇಳಿ ಎಂದು ತಾನೇ ಆಹ್ವಾನ ಕೊಡುತ್ತಾನೆ. ಮೂರು ತಿಂಗಳು ಒಂದೇ ಕಡೆ ಇದ್ದವರಲ್ಲಿ ಸಣ್ಣಪುಟ್ಟ ಕಹಿ ಕೂಡಿಕೊಳ್ಳುವುದು ಸಹಜ. ಅದನ್ನು ಹೊರಹಾಕಲು ದಿನ ಗೊತ್ತು ಮಾಡಿದ್ದಾರೆ. ನಮ್ಮ ಗುಂಪುಗಳು ಒಡೆಯುವುದು ಬಹುತೇಕ ತತ್ತ್ವದ ಜಗಳದಿಂದಲ್ಲ, ಹೇಳದೆ ಉಳಿದ ಚಿಕ್ಕ ನೋವಿನಿಂದ.

ಕ್ರೈಸ್ತ ಮಠಗಳಿಗಾಗಿ ಸಂತ ಬೆನೆಡಿಕ್ಟ್ ಬರೆದ ನಿಯಮಾವಳಿ 6ನೇ ಶತಮಾನದ್ದು. ಹೊಸಬರನ್ನು ಸುಲಭಕ್ಕೆ ಒಳಗೆ ಬಿಡಬಾರದು ಎನ್ನುತ್ತದೆ ಅದು. ನಾಲ್ಕೈದು ದಿನ ಬಾಗಿಲಲ್ಲಿ ಕಾದು ನಿಂತವರಿಗೆ ಪ್ರವೇಶ. ಆಮೇಲೆ ಒಬ್ಬ ಹಿರಿಯರ ಉಸ್ತುವಾರಿಯಲ್ಲಿ ಒಂದು ವರ್ಷ. ಎರಡು ತಿಂಗಳಾದ ಮೇಲೆ, ಆಮೇಲೆ ಆರು ತಿಂಗಳಿಗೆ, ಮತ್ತೆ ನಾಲ್ಕು ತಿಂಗಳಿಗೆ ಪೂರ್ತಿ ನಿಯಮ ಓದಿ ಹೇಳುತ್ತಾರೆ, ಪ್ರತಿ ಸಲವೂ ಹೊರಟುಹೋಗಲು ಸ್ವಾತಂತ್ರ್ಯವಿದೆ. ನನಗೆ ಇನ್ನೂ ಮುಖ್ಯವೆನಿಸುವುದು 27ನೇ ಅಧ್ಯಾಯ. ತಪ್ಪು ಮಾಡಿ ಬಹಿಷ್ಕಾರಕ್ಕೆ ಒಳಗಾದವನ ಬಳಿಗೆ ಮಠಾಧಿಪತಿಯು ವಿವೇಕಿಗಳಾದ ಹಿರಿಯರನ್ನು ಗುಟ್ಟಾಗಿ ಎಂಬಂತೆ ಕಳಿಸಿ ಸಾಂತ್ವನ ಹೇಳಿಸಬೇಕು, ಅತಿಯಾದ ದುಃಖ ಅವನನ್ನು ನುಂಗಬಾರದು. ಶಿಕ್ಷೆ ಕೊಟ್ಟ ಕೈಯೇ ಎಳೆಯೊಂದನ್ನು ಹಿಡಿದುಕೊಂಡಿರಬೇಕು ಎಂಬ ತಿಳಿವಳಿಕೆ ಅದು.

ಏಕಾಂತವನ್ನೇ ಆರಿಸಿಕೊಂಡವರೂ ಪೂರಾ ಒಬ್ಬಂಟಿಗಳಲ್ಲ. 1084ರಲ್ಲಿ ಬ್ರೂನೋ ಆರಂಭಿಸಿದ ಕಾರ್ತೂಸಿಯನ್ ಎಂಬ ಕ್ರೈಸ್ತ ಸನ್ಯಾಸಿ ಪಂಥದವರು ದಿನದ ಹೆಚ್ಚು ಹೊತ್ತು ತಮ್ಮ ತಮ್ಮ ಕೋಣೆಯಲ್ಲಿ ಒಬ್ಬರೇ ಇರುತ್ತಾರೆ. ಆದರೆ ರಾತ್ರಿಯ ಪ್ರಾರ್ಥನೆಗೆ ಒಟ್ಟಾಗುತ್ತಾರೆ, ವಾರಕ್ಕೊಮ್ಮೆ ಹಲವು ಗಂಟೆ ಜೊತೆಯಾಗಿ ನಡೆಯುತ್ತಾ ಮಾತಾಡುತ್ತಾರೆ. ಏಕಾಂತಕ್ಕೂ ಒಂಟಿತನಕ್ಕೂ ಇರುವ ಅಂತರ ಈ ನಡಿಗೆಯಲ್ಲಿದೆ.

ಬಯಲು

ನಂಬಿಕೆ ಇಲ್ಲದವರ ಪರವಾಗಿ ಒಂದು ಮಾತು. ಮೇಲಿನದೆಲ್ಲ ದೇವರಿಲ್ಲದೆಯೂ ನಡೆಯಬಹುದಲ್ಲವೇ? ಲಂಡನ್ನಿನಲ್ಲಿ 2013ರ ಜನವರಿಯಲ್ಲಿ ಸಂಡೇ ಅಸೆಂಬ್ಲಿ ಆರಂಭವಾದದ್ದು ಇದೇ ಉದ್ದೇಶದಿಂದ. ಒಟ್ಟಿಗೆ ಹಾಡು, ಒಂದು ಉಪನ್ಯಾಸ, ಕ್ಷಣಕಾಲ ಮೌನ, ಆಮೇಲೆ ಮಾತುಕತೆ. ಬೇಗನೆ ಹಲವು ದೇಶಗಳಿಗೆ ಹಬ್ಬಿತು, ಆಮೇಲೆ ಎಷ್ಟೋ ಶಾಖೆಗಳು ಮುಚ್ಚಿದವು. ಯಾಕೆ ಉಳಿಯಲಿಲ್ಲ ಎಂದು ತಿಳಿದವರು ಹೇಳಿ. ಗೇಲಿಗೆ ಕೇಳುತ್ತಿಲ್ಲ, ಇಂಥ ಜಾಗಗಳು ನಿಜಕ್ಕೂ ಬೇಕು.

ಎಣಿಕೆ

ಬಯಲು ಅವರೇ, ರಿಚರ್ಡ್ ಸೊಸಿಸ್ ಮತ್ತು ಎರಿಕ್ ಬ್ರೆಸ್ಲರ್ 2003ರಲ್ಲಿ 19ನೇ ಶತಮಾನದ ಅಮೆರಿಕದ 83 ಸಾಮುದಾಯಿಕ ವಸತಿಗಳನ್ನು, ಅಂದರೆ ಜನ ಒಂದೇ ಬಳಗವಾಗಿ ಒಟ್ಟಿಗೆ ಬಾಳುತ್ತಿದ್ದ ನೆಲೆಗಳನ್ನು, ಹೋಲಿಸಿದರು. ಧಾರ್ಮಿಕ ವಸತಿಗಳು ಧರ್ಮೇತರ ವಸತಿಗಳಿಗಿಂತ ಹೆಚ್ಚು ಕಾಲ ಬಾಳಿದವು. ಸದಸ್ಯರಿಂದ ಹೆಚ್ಚು ತ್ಯಾಗ ಕೇಳಿದ ಧಾರ್ಮಿಕ ವಸತಿ ಇನ್ನೂ ಹೆಚ್ಚು ಕಾಲ ಬಾಳಿತು. ಧರ್ಮೇತರ ವಸತಿಯಲ್ಲಿ ಎಷ್ಟು ತ್ಯಾಗ ಕೇಳಿದರೂ ಆಯುಸ್ಸು ಹೆಚ್ಚಲಿಲ್ಲ. ಕಷ್ಟದ ನಿಯಮಕ್ಕೆ ಪವಿತ್ರತೆಯ ಅರ್ಥವಿದ್ದರೆ ಜನ ಲಾಭ ನಷ್ಟ ಎಣಿಸುವುದಿಲ್ಲ, ಅರ್ಥವಿಲ್ಲದಿದ್ದರೆ ಪ್ರತಿ ನಿಯಮಕ್ಕೂ "ಯಾಕೆ?" ಎಂಬ ಪ್ರಶ್ನೆ ಏಳುತ್ತದೆ ಎಂಬುದು ಅವರ ವಿವರಣೆಯ ತಿರುಳು.

ಹಾಗೆಂದು ಧರ್ಮೇತರ ಗುಂಪು ನಿಲ್ಲಲಾರದು ಎಂದಲ್ಲ. ಹಾಡಿನ ಗುಂಪುಗಳನ್ನು ನೋಡಿ. ಐಲೂನೆಡ್ ಪಿಯರ್ಸ್, ರಾಬಿನ್ ಡನ್ಬಾರ್ ಮೊದಲಾದವರು ಹಾಡು, ಕರಕುಶಲ ಮತ್ತು ಬರವಣಿಗೆಯ ತರಗತಿಗಳನ್ನು ಏಳು ತಿಂಗಳು ಗಮನಿಸಿ 2015ರಲ್ಲಿ ಅಧ್ಯಯನ ಪ್ರಕಟಿಸಿದರು. ಕೊನೆಗೆ ಎಲ್ಲ ಗುಂಪಿನವರೂ ಹತ್ತಿರವಾಗಿದ್ದರು, ಹಾಡುವವರು ಮಾತ್ರ ಮೊದಲ ದಿನಗಳಲ್ಲೇ ಬೇಗ ಹತ್ತಿರವಾದರು. ಒಬ್ಬೊಬ್ಬರ ಪರಿಚಯವಾಗುವ ಮೊದಲೇ ಇಡೀ ಗುಂಪಿನ ಜೊತೆ ನಂಟು ಬೆಳೆಯುತ್ತದೆ. ಪ್ರಾರ್ಥನೆಯಲ್ಲಿ ಒಂದೇ ಲಯದಲ್ಲಿ ಹಾಡುವುದು, ಏಳುವುದು, ಬಾಗುವುದು ಮಾಡುವ ಕೆಲಸ ಇದೇ. ನಿಮ್ಮ ಗುಂಪಿಗೆ ದೇವರು ಬೇಡವಾದರೂ ಲಯವಂತೂ ಬೇಕು. ತಿಂಗಳಿಗೊಮ್ಮೆ ಸೇರುವುದು ಸಾಲದು, ವಾರಕ್ಕೊಮ್ಮೆ ಸೇರಿ.

ವೃತ್ತಗೋಷ್ಠಿ

ಒಪ್ಪುತ್ತೇನೆ. ಮೂವರು ಉತ್ಸಾಹಿಗಳೇ ಎಲ್ಲ ಮಾಡಿ ಉಳಿದವರನ್ನು ಪ್ರೇಕ್ಷಕರಾಗಿಸಿದರೆ ಯಾವ ಗುಂಪೂ ಬಾಳದು. ಆ ಮೂವರು ದಣಿದ ದಿನ ಬಾಗಿಲು ಮುಚ್ಚುತ್ತದೆ. ಬಂದವರಲ್ಲಿ ಮೂರನೇ ಒಂದು ಭಾಗಕ್ಕಾದರೂ ಸರದಿ ಪಟ್ಟಿಯಲ್ಲಿ ಹೆಸರಿರಲಿ. ಯಾವ ಕೆಲಸವೂ ಒಬ್ಬರ ಬಳಿ ವರ್ಷಕ್ಕಿಂತ ಹೆಚ್ಚು ಉಳಿಯದಿರಲಿ.

ಕದತೆರೆ

ಇಷ್ಟು ಹೊತ್ತು ಬಳಗ ಹೇಗೆ ಕಟ್ಟುವುದು ಎಂದಾಯಿತು. ಇದೇ ಉಪಾಯಗಳು ಕೆಟ್ಟ ಕೈಗೆ ಸಿಕ್ಕರೆ ಏನಾಗುತ್ತದೆ ಎಂದೂ ನೋಡಲೇಬೇಕು.

1965ರಲ್ಲಿ ಜಾನ್ ಲಾಫ್ಲ್ಯಾಂಡ್ ಮತ್ತು ರಾಡ್ನಿ ಸ್ಟಾರ್ಕ್ ಒಂದು ಚಿಕ್ಕ ಹೊಸ ಪಂಥದೊಳಗಿದ್ದು ಮಾಡಿದ ಅಧ್ಯಯನವನ್ನು ಪ್ರಕಟಿಸಿದರು. ಜನ ಬೋಧನೆ ಒಪ್ಪಿ ಆಮೇಲೆ ಸೇರುತ್ತಾರೆ ಎಂಬುದು ಸಾಮಾನ್ಯ ತಿಳಿವಳಿಕೆ. ಅವರು ಕಂಡದ್ದು ಬೇರೆ: ಒಳಗಿನವರ ಜೊತೆ ಸ್ನೇಹ ಬೆಳೆದು, ಹೊರಗಿನವರ ಜೊತೆ ನಂಟು ಸಡಿಲವಾದವರೇ ಪೂರ್ತಿ ಅನುಯಾಯಿಗಳಾದರು. ಅಂದರೆ ಒಂಟಿತನವೇ ಬಾಗಿಲು. ಊರು ಬಿಟ್ಟು ಹೊಸದಾಗಿ ಬಂದವರು, ಸಂಗಾತಿಯನ್ನು ಕಳೆದುಕೊಂಡವರು, ಕೆಲಸ ಹೋದವರು ಮೊದಲು ಸಿಕ್ಕಿಬೀಳುತ್ತಾರೆ. ಅವರು ದಡ್ಡರಲ್ಲ, ಹಸಿದವರು.

ಗುರುತಿಸುವುದು ಹೇಗೆ? ಮೊದಲ ಎರಡು ವಾರದಲ್ಲೇ ಅತಿಯಾದ ಅಕ್ಕರೆ, ದಿನಕ್ಕೆ ಹತ್ತು ಕರೆ, "ನಿಮಗಾಗಿಯೇ ಕಾಯುತ್ತಿದ್ದೆವು" ಎಂಬ ಮಾತು. ಬಿಡುವಿನ ವೇಳೆಯೆಲ್ಲ ಗುಂಪಿನ ಕೆಲಸಕ್ಕೆ, ನಿದ್ದೆಗೂ ಹೊತ್ತಿಲ್ಲ. ಹಳೆಯ ಗೆಳೆಯರ ಬಗ್ಗೆ, ಮನೆಯವರ ಬಗ್ಗೆ ಅನುಮಾನ ಬಿತ್ತುವುದು. ಹಣಕ್ಕೆ ಗಡುವು. ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಬದಲು ಕೇಳಿದವರ ಮನಸ್ಸೇ ಅಶುದ್ಧ ಎನ್ನುವುದು. ಬಿಟ್ಟುಹೋದವರ ಹೆಸರನ್ನೂ ಯಾರೂ ಎತ್ತದಿರುವುದು. ಇವುಗಳಲ್ಲಿ ಕೊನೆಯದನ್ನು ಪರೀಕ್ಷಿಸುವುದು ಸುಲಭ. "ಇಲ್ಲಿಗೆ ಬರುವುದನ್ನು ಬಿಟ್ಟವರು ಯಾರಾದರೂ ಇದ್ದಾರೆಯೇ? ಅವರೊಂದಿಗೆ ಈಗಲೂ ಮಾತಾಡುತ್ತೀರಾ?" ಎಂದು ಕೇಳಿ. ಒಳ್ಳೆಯ ಬಳಗ ಸಲೀಸಾಗಿ ಉತ್ತರಿಸುತ್ತದೆ. ಕಾವಿನೆರಳು ಅವರು ಹೇಳಿದ ಆ ಒಂದು ವರ್ಷದ ಕಾಯುವಿಕೆ ಇದಕ್ಕೆ ನೇರ ವಿರುದ್ಧ. ಅಲ್ಲಿ ಸೇರಲು ತಡ, ಹೊರಡಲು ದಾರಿ ಇದೆ. ಇಲ್ಲಿ ಸೇರಲು ಅವಸರ, ಹೊರಡಲು ಬಾಗಿಲೇ ಇಲ್ಲ.

ಬಿಡಬೇಕು ಎಂದುಕೊಂಡವರಿಗೆ ಎರಡು ಮಾತು. ಸಿಟ್ಟಿನಲ್ಲಿ ಘೋಷಿಸಿ ಎದ್ದು ಬರಬೇಡಿ. ಬಿಗಿಯಾದ ಗುಂಪಿನಲ್ಲಿ ಗೆಳೆಯರು, ಬಂಧುಗಳು, ಮನೆ, ಕೆಲಸ ಎಲ್ಲವೂ ಒಂದೇ ದಾರಕ್ಕೆ ಪೋಣಿಸಿರುತ್ತವೆ. ದಾರ ಕಡಿದರೆ ಎಲ್ಲ ಒಟ್ಟಿಗೆ ಉದುರುತ್ತವೆ. ಮೊದಲು ಗುರುತಿನ ಪತ್ರ, ಬ್ಯಾಂಕ್ ಖಾತೆ, ಶಾಲಾ ಪ್ರಮಾಣಪತ್ರ ನಿಮ್ಮ ಕೈಗೆ ಬರಲಿ. ಹೊರಗೆ ಮೂವರ ಜೊತೆಗಾದರೂ ಹಳೆಯ ನಂಟು ಮತ್ತೆ ಜೋಡಿಸಿಕೊಳ್ಳಿ: ಒಬ್ಬ ಬಂಧು, ಒಬ್ಬ ಹಳೆಯ ಸ್ನೇಹಿತ, ಈ ಪಂಥಕ್ಕೆ ಸಂಬಂಧವೇ ಇಲ್ಲದ ಒಬ್ಬ ವೈದ್ಯ ಅಥವಾ ಆಪ್ತಸಲಹೆಗಾರ. ಅಪಾಯದ ಬೆದರಿಕೆ ಇದ್ದರೆ ಮಾತ್ರ ಯಾವುದಕ್ಕೂ ಕಾಯದೆ ಹೊರಡಿ. ದೇವರ ಮೇಲಿನ ನಂಬಿಕೆಯ ಪ್ರಶ್ನೆಯನ್ನು ಅದೇ ತಿಂಗಳು ಬಗೆಹರಿಸಬೇಕಿಲ್ಲ. ಗುಂಪು ಬಿಡುವುದು ಒಂದು, ನಂಬಿಕೆ ಬಿಡುವುದು ಇನ್ನೊಂದು. ಎರಡನ್ನೂ ಒಟ್ಟಿಗೆ ಹೊತ್ತವರು ಬೇಗ ಕುಸಿಯುತ್ತಾರೆ.

ಸಂಜೆದೀಪ

ಎಲ್ಲರೂ ದೇವರನ್ನು ಬದಿಗಿಟ್ಟು ಬರೀ ಕುರ್ಚಿಯ ಲೆಕ್ಕ ಹೇಳುತ್ತಿದ್ದೀರಿ ಅನ್ನಿಸುತ್ತಿದೆ. ನಂಬುವವರಿಗೆ ದೇವರೇ ಒಬ್ಬ ಸಂಗಾತಿ. ಸಂಶೋಧಕರೂ ಇದನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಮಗು ತಾಯಿಯನ್ನು ಆಸರೆಯಾಗಿ ನೋಡುವಂತೆಯೇ ಭಕ್ತರು ದೇವರನ್ನು ನೋಡುತ್ತಾರೆ, ಭಯವಾದಾಗ ಅವನತ್ತ ಓಡುತ್ತಾರೆ, ಅವನಿದ್ದಾನೆಂಬ ಧೈರ್ಯದಲ್ಲಿ ಲೋಕಕ್ಕೆ ಇಳಿಯುತ್ತಾರೆ ಎಂದು ಲೀ ಕಿರ್ಕ್‌ಪ್ಯಾಟ್ರಿಕ್ 1990ರ ದಶಕದಲ್ಲಿ ವಿವರಿಸಿದ್ದಾರೆ.

ರಾಬರ್ಟ್ ವೈಸ್ 1973ರಲ್ಲಿ ಒಂಟಿತನವನ್ನು ಎರಡಾಗಿ ವಿಂಗಡಿಸಿದ್ದೂ ಇಲ್ಲಿ ಮುಖ್ಯ. ಬಳಗವಿಲ್ಲದ ಒಂಟಿತನ ಒಂದು, ಜೀವದ ಗೆಳೆಯರೊಬ್ಬರು ಇಲ್ಲದ ಒಂಟಿತನ ಇನ್ನೊಂದು. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರನ್ನು ನೂರು ಜನರ ನಡುವೆ ಕೂರಿಸಿದರೆ ಎರಡನೆಯದು ತುಂಬುವುದಿಲ್ಲ. ಆ ಹೊತ್ತಿನಲ್ಲಿ ಎಷ್ಟೋ ಜನಕ್ಕೆ ಆಸರೆಯಾಗುವುದು ಒಬ್ಬರೇ ಕೂತು ಮಾಡುವ ಪ್ರಾರ್ಥನೆಯೇ.

ಆದರೆ ನಂಬಿಕೆಯೇ ಗಾಯವಾಗುವುದೂ ಉಂಟು. ಕೆನೆತ್ ಪಾರ್ಗಮೆಂಟ್ ಇದನ್ನು ವಿವರವಾಗಿ ಅಭ್ಯಸಿಸಿದ್ದಾರೆ. "ದೇವರು ನನ್ನ ಜೊತೆಗಿದ್ದಾನೆ" ಎಂಬ ಭಾವ ಕಷ್ಟಕಾಲದಲ್ಲಿ ಎತ್ತಿ ನಿಲ್ಲಿಸುತ್ತದೆ. "ದೇವರು ನನ್ನನ್ನು ಶಿಕ್ಷಿಸುತ್ತಿದ್ದಾನೆ, ಕೈಬಿಟ್ಟಿದ್ದಾನೆ" ಎಂಬ ಭಾವ ಇನ್ನಷ್ಟು ಮುಳುಗಿಸುತ್ತದೆ. ಹೀಗಾಗಿ ಸಾವಿನ ಮನೆಗೆ ಹೋದಾಗ "ಎಲ್ಲ ಅವನ ಇಚ್ಛೆ", "ನಿಮ್ಮ ನಂಬಿಕೆ ಪರೀಕ್ಷಿಸುತ್ತಿದ್ದಾನೆ" ಎನ್ನಬೇಡಿ. ಹೇಳುವವರಿಗೆ ಸಮಾಧಾನ, ಕೇಳುವವರಿಗೆ ಬರೆ. ತೀರಿಕೊಂಡವರ ಹೆಸರು ಹಿಡಿದು ಮಾತಾಡಿ. ಜನ ಬರುವುದು ನಿಂತ ಮೇಲೆ, ಆರನೇ ವಾರ, ಮೂರನೇ ತಿಂಗಳು ಮತ್ತೆ ಹೋಗಿ. ಪ್ರಾರ್ಥಿಸಲೇ ಎಂದು ಕೇಳಿ, ಬೇಡವೆಂದರೆ ಸುಮ್ಮನೆ ಜೊತೆಗೆ ಕೂರಿ.

ವೃತ್ತಗೋಷ್ಠಿ

ಸಂಜೆದೀಪ ಅವರೇ, ಸರಿಯಾದ ತಿದ್ದುಪಡಿ. ಕುರ್ಚಿಯ ಲೆಕ್ಕ ಮೊದಲ ಬಗೆಯ ಒಂಟಿತನಕ್ಕೆ ಮಾತ್ರ ಎಂದು ನಾನು ಬರೆಯಬೇಕಿತ್ತು.

ಅಂಚಿನಮನೆ

ಆನ್‌ಲೈನ್ ಪ್ರಾರ್ಥನೆಯ ಬಗ್ಗೆ ಯಾರೂ ಹೇಳಿಲ್ಲ. ನಡೆಯಲಾರದವರಿಗೆ, ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೆ ಅದೇ ದಾರಿ.

ಎಣಿಕೆ

ನೇರ ಪ್ರಸಾರ ನೋಡುವುದು ಬೇರೆ, ವಿಡಿಯೋ ಕರೆಯಲ್ಲಿ ಸೇರುವುದು ಬೇರೆ. ಪ್ರಸಾರದಲ್ಲಿ ಪ್ರವಚನ ಸಿಗುತ್ತದೆ, ಸಭೆ ಶುರುವಾಗುವ ಮುಂಚಿನ, ಮುಗಿದ ನಂತರದ ಹತ್ತು ನಿಮಿಷ ಸಿಗುವುದಿಲ್ಲ. ಆದ್ದರಿಂದ ಪ್ರಸಾರ ಮುಗಿದ ತಕ್ಷಣ 20 ನಿಮಿಷದ ಕರೆ ಇಟ್ಟು, ನಾಲ್ಕು ನಾಲ್ಕು ಮಂದಿಯ ಕೋಣೆಗಳಾಗಿ ಬಿಡಿ. ಐದಾದರೆ ಒಬ್ಬರು ಮೈಕ್ ಮುಚ್ಚಿ ಪ್ರೇಕ್ಷಕರಾಗುತ್ತಾರೆ. ಒಂದು ತಿಂಗಳು ಅದೇ ನಾಲ್ವರು ಇರಲಿ, ಪ್ರತಿ ವಾರ ಬದಲಿಸಿದರೆ ಪರಿಚಯ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ವಿಡಿಯೋದಲ್ಲಿ ಒಟ್ಟಿಗೆ ಹಾಡಲು ಹೋಗಬೇಡಿ, ಧ್ವನಿ ತಡವಾಗಿ ತಲುಪಿ ಲಯ ಒಡೆಯುತ್ತದೆ. ಒಬ್ಬರು ಹಾಡಲಿ, ಉಳಿದವರು ಮೈಕ್ ಮುಚ್ಚಿ ದನಿಗೂಡಿಸಲಿ.

ಗುಂಪಿನಿಂದ ಉಪಯೋಗವಾಗುತ್ತಿದೆಯೇ ಎಂದು ತಿಳಿಯಲು ಹಾಜರಿ ಎಣಿಸಬೇಡಿ. 2004ರಲ್ಲಿ ರೂಪಿಸಿದ ಮೂರು ಪ್ರಶ್ನೆಗಳ ಚಿಕ್ಕ ಅಳತೆಗೋಲು ಇದೆ: ಜೊತೆಗಾರರಿಲ್ಲ ಎಂದು ಎಷ್ಟು ಸಲ ಅನ್ನಿಸುತ್ತದೆ, ನನ್ನನ್ನು ಬಿಟ್ಟುಬಿಟ್ಟಿದ್ದಾರೆ ಎಂದು ಎಷ್ಟು ಸಲ, ಎಲ್ಲರಿಂದ ದೂರವಾಗಿದ್ದೇನೆ ಎಂದು ಎಷ್ಟು ಸಲ. ಅಪರೂಪಕ್ಕೆ ಎಂದರೆ 1, ಕೆಲವೊಮ್ಮೆ ಎಂದರೆ 2, ಆಗಾಗ ಎಂದರೆ 3. ಒಟ್ಟು 3ರಿಂದ 9. ಹೆಸರು ಬರೆಸದೆ ಆರಂಭದಲ್ಲೊಮ್ಮೆ, ಮೂರು ತಿಂಗಳಿಗೊಮ್ಮೆ ಕೇಳಿ ಗುಂಪಿನ ಸರಾಸರಿ ನೋಡಿ. ಕಡಿಮೆಯಾಗದಿದ್ದರೆ ನಿಮ್ಮ ಕ್ರಮ ಬದಲಿಸಿ.

ಹೊಸ್ತಿಲು

ಎಲ್ಲರಿಗೂ ಧನ್ಯವಾದ. ಒಂದು ಪ್ರಶ್ನೆ ಉಳಿಯಿತು. ಹಿಂದಿನ ಸಾಲಿನವರಲ್ಲಿ ಕೆಲವರಿಗೆ ಮಾತಾಡಿಸಿದರೆ ಮುಖ ಬಿಗಿಯುತ್ತದೆ, ಮುಂದಿನ ವಾರ ಬರುವುದೇ ಇಲ್ಲ. ಅವರನ್ನು ಏನು ಮಾಡುವುದು?

ಎಣಿಕೆ

ಬಹುಕಾಲ ಒಂಟಿಯಾಗಿದ್ದವರ ಮನಸ್ಸು ಕಾವಲು ನಿಲ್ಲುತ್ತದೆ ಎಂದು ಜಾನ್ ಕಾಚಿಯೊಪೊ ವಿವರಿಸಿದ್ದಾರೆ. ಹಸಿವು ದೇಹಕ್ಕೆ ಸೂಚನೆ ಕೊಡುವಂತೆ ಒಂಟಿತನವೂ ಸೂಚನೆಯೇ. ಆದರೆ ಅದು ಹಳೆಯದಾದಾಗ ಪ್ರತಿ ಮುಖದಲ್ಲೂ ತಿರಸ್ಕಾರವನ್ನೇ ಹುಡುಕಿಸುತ್ತದೆ. "ಅಯ್ಯೋ ಪಾಪ ಅಂತ ಮಾತಾಡಿಸಿದರು" ಎಂದೇ ಅವರು ಓದಿಕೊಳ್ಳುತ್ತಾರೆ. ಇಂಥವರಿಗೆ ಬರೀ ಭೇಟಿ ಹೆಚ್ಚಿಸಿದರೆ ಸಾಲದು. 2011ರಲ್ಲಿ ಅವರ ತಂಡ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೀಗೆ ಓದಿಕೊಳ್ಳುವ ಅಭ್ಯಾಸವನ್ನೇ ತಿದ್ದುವ ಚಿಕಿತ್ಸೆಗಳು ಹೆಚ್ಚು ಫಲ ಕೊಟ್ಟಿದ್ದವು. ಅದು ಆಪ್ತಸಲಹೆಗಾರರ ಕೆಲಸ, ನಾವು ಕೈಹಾಕುವಂಥದ್ದಲ್ಲ.

ವೃತ್ತಗೋಷ್ಠಿ

ಸಭೆಯವರು ಮಾಡಬಹುದಾದದ್ದು ಇಷ್ಟಿದೆ. ಒಂದು ತಿಂಗಳು ಬರೀ ತಲೆಯಾಡಿಸಿ ನಗು ಕೊಡಿ, ಅದೂ ಒಬ್ಬರೇ, ಅದೇ ವ್ಯಕ್ತಿ. ಪಕ್ಕಕ್ಕೆ ಹೋಗಿ ಕೂರಬೇಡಿ, ಒಂದು ಕುರ್ಚಿ ಬಿಟ್ಟು ಕೂರಿ. ಐದನೇ ವಾರ ಸಣ್ಣ ಸಹಾಯ ಕೇಳಿ, ಬೇಡ ಎನ್ನಲೂ ಸುಲಭವಾಗಿರುವಂಥದ್ದು: "ಈ ಮೇಜಿನ ಆ ತುದಿ ಸ್ವಲ್ಪ ಹಿಡಿಯುತ್ತೀರಾ?" ಹಿಡಿದರೆ "ಥ್ಯಾಂಕ್ಸ್" ಅಂದು ಅಲ್ಲಿಗೇ ಬಿಡಿ, ಮಾತು ಬೆಳೆಸಬೇಡಿ. ಮುಂದಿನ ವಾರ ಅದೇ ಮೇಜು, ಅದೇ ತುದಿ. ಅವರಾಗಿ ಮೇಜಿನ ಹತ್ತಿರ ಬಂದು ನಿಂತ ದಿನ ಹೆಸರು ಕೇಳಿ.